ಸೋಮವಾರದ ಕೀಲೆಣ್ಣೆ

ಆ ವರ್ಷ ತೊಣ್ಣೂರು ಕೆರೆ ಏರಿಯ ಮೇಲೆ ಓಡಾಡುವ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು: ಅಂಗನವಾಡಿ ಮೇಡಮ್ಮು ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಚಲುವಮ್ಮನ ಸೈಕಲ್ಲಿನ ಚೈನು ಅಷ್ಟು ಜೋರಾಗಿ ಕೂಗುತ್ತಿತ್ತು. ಪೆಡಲು ಒಂದು ಸುತ್ತು ಬಂದರೆ ಒಂದು ಕೂಗು, ಇನ್ನೊಂದು ಸುತ್ತಿಗೆ ಇನ್ನೊಂದು. ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ ನೋಡಿ ನಗುತ್ತಿದ್ದರು. ಸರ್ಕಾರದ ಕೆಲಸ ಸಿಕ್ಕಿದೆ, ಚೈನಿಗೆ ಒಂದು ತೊಟ್ಟು ಎಣ್ಣೆ ಬಿಡುವ ಯೋಗ್ಯತೆ ಇಲ್ಲವಲ್ಲ ಎಂದು ಆಡಿಕೊಳ್ಳುತ್ತಿದ್ದರು.

ಎಣ್ಣೆ ಇರಲಿಲ್ಲವೆಂದಲ್ಲ. ಸೀಸೆ ಮನೆಯ ಗೂಡಿನಲ್ಲೇ ಇತ್ತು, ಅದರ ಮುಚ್ಚಳ ಕೂಡ ತೆಗೆದಿರಲಿಲ್ಲ. ಚಲುವಮ್ಮ ಬೇಕೆಂದೇ ಎಣ್ಣೆ ಬಿಟ್ಟಿರಲಿಲ್ಲ. ಆ ಕೂಗು ಊರಿಗೆ ಕೇಳಲಿ ಎಂದಲ್ಲ, ಜಗಲಿಯ ಮೇಲೆ ಕೂತಿರುತ್ತಿದ್ದ ಅವಳ ಮಾವ ಹೊನ್ನಪ್ಪನಿಗೆ ಕೇಳಲಿ ಎಂದು. ಆ ಸದ್ದು ತಡೆಯಲಾರದೆ ಅವನು ಎದ್ದು ಬಂದು ಚೈನಿಗೆ ಕೈ ಹಾಕಲಿ, ಆಮೇಲೆ ಎಲ್ಲವೂ ಮೊದಲಿನಂತಾಗಲಿ ಎಂಬುದು ಅವಳ ಆಸೆ. ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಒಂದೇ ಸೂರಿನಡಿ ಬದುಕುವವರು ಬಾಯಿಬಿಟ್ಟು ಏನೇನು ಹೇಳಿಕೊಂಡಿದ್ದಾರೆ ಎಂದು ನಿಮ್ಮ ನಿಮ್ಮ ಮನೆಯಲ್ಲೇ ನೋಡಿಕೊಳ್ಳಿ.

ಆ ಸೈಕಲ್ಲು ಚಲುವಮ್ಮನ ತವರಿನಿಂದ ಬಂದದ್ದು. ಬೆಳ್ಳೂರಿನಲ್ಲಿದ್ದ ಅವಳ ಅಣ್ಣ ಯಾರೋ ಟೀಚರಮ್ಮ ಬಳಸಿ ಬಿಟ್ಟಿದ್ದ ಲೇಡೀಸ್ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು ಇಳಿಸಿಹೋಗಿದ್ದ. ಬಣ್ಣ ಹೋಗಿತ್ತು, ಚೈನ್ ಕವರು ಎಲ್ಲಿ ಬಿದ್ದುಹೋಗಿತ್ತೋ ಏನೋ, ಬೆಲ್ಲು ಮಾತ್ರ ಗಟ್ಟಿಯಾಗಿತ್ತು. ಚಲುವಮ್ಮ ಎಸ್ಸೆಸ್ಸೆಲ್ಸಿ ಪಾಸಾದವಳು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಊರೂರಲ್ಲೂ ದೊಡ್ಡವರಿಗೆ ಅಕ್ಷರ ಕಲಿಸುವ ಸಡಗರ ಎದ್ದಿತ್ತಲ್ಲ, ಆಗ ಕೆರೆಯ ಆಚೆ ಊರಿನ ಹೆಂಗಸರಿಗೆ ಪಾಠ ಹೇಳಲು ಅವಳನ್ನು ಕರೆದರು. ನಡೆದು ಹೋದರೆ ಹೊತ್ತಾಗುತ್ತದೆ, ಸೈಕಲ್ಲು ಕಲಿಯಲೇಬೇಕು. ಸೊಸೆಯಾದವಳು ಸೈಕಲ್ಲು ಹತ್ತುತ್ತಾಳೆಂದರೆ ಊರು ಸುಮ್ಮನಿರುತ್ತದೆಯೇ? ಮೂಗು ಮುರಿಯಿತು. ಗಂಡ ಶಿವಣ್ಣ, ಕಂಡವರ ಟ್ರಾಕ್ಟರು ಓಡಿಸುವ ಧೀರ, ಹೆಂಡತಿಯ ಸೈಕಲ್ಲಿನ ಹಿಂದೆ ಓಡುವುದಕ್ಕೆ ನಾಚಿಕೊಂಡು ಹಿತ್ತಿಲು ಸೇರಿಕೊಂಡ.

ಬಂದವನು ಹೊನ್ನಪ್ಪ. ಜೀವಮಾನದಲ್ಲಿ ಸೈಕಲ್ಲು ಹತ್ತಿದವನಲ್ಲ. ಎತ್ತಿನ ಗಾಡಿ ಬಿಟ್ಟರೆ ಬೇರೆ ಗಾಡಿ ಅವನಿಗೆ ಗೊತ್ತಿಲ್ಲ. ಸೊಸೆ ಬೀಳದಂತೆ ನೋಡಿಕೊಳ್ಳಬೇಕು ಎಂಬುದು ಮಾತ್ರ ಗೊತ್ತಿತ್ತು. ಹಿಂದಿನಿಂದ ಹಿಡಿದುಕೊಳ್ಳುವುದು ಸರಿಕಾಣಲಿಲ್ಲ, ಸೊಸೆಯಲ್ಲವೇ. ಅದಕ್ಕೆ ಕೆರೆ ಏರಿಯ ಮೇಲೆ ಅವಳ ಮುಂದೆ ಮುಂದೆ ಓಡಿದ. ಹೆಗಲ ಮೇಲಿನ ಟವಲು ಬೀಸುತ್ತಾ, ಕಬ್ಬಿನ ಗಾಡಿ ಹೊಡೆದುಕೊಂಡು ಬರುವಾಗ ಕೂಗುವ ಹಾಗೆಯೇ, "ದಾರಿ ಬುಡ್ರಪ್ಪೋ, ದಾರಿ ಬುಡ್ರೋ" ಎಂದು ಕೂಗುತ್ತಾ ಓಡಿದ. ಆಡು, ಕುರಿ, ಹೆಂಗಸರು, ಹಲ್ಲು ಕಿಸಿಯುತ್ತಿದ್ದ ಗಂಡಸರು, ಎಲ್ಲರೂ ಪಕ್ಕಕ್ಕೆ ಸರಿದರು. ಚಲುವಮ್ಮ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಬಿದ್ದಾಗಲೆಲ್ಲ ಅವನು ಆ ಕಡೆ ತಿರುಗಿ ಕೆರೆ ನೋಡುತ್ತಾ ನಿಲ್ಲುತ್ತಿದ್ದ, ಅವಳು ಸೀರೆ ಸರಿಮಾಡಿಕೊಳ್ಳಲಿ ಎಂದು. "ಆಯ್ತಾ ಮಗ?" ಎಂದು ಕೇಳಿ, ಆಯಿತೆಂದರೆ ಮತ್ತೆ ಓಟ. ಹಾಗೆ ಕಲಿತ ಸೈಕಲ್ಲು ಅದು.

ಮರುವರ್ಷ ಎತ್ತು, ಗಾಡಿ ಎರಡೂ ಹೋದವು. ಶಿವಣ್ಣ ಪಾಲುದಾರಿಕೆಯಲ್ಲಿ ಸ್ವಂತ ಟ್ರಾಕ್ಟರು ತಂದ ಮೇಲೆ ಮನೆಯ ಕಬ್ಬು ಪಾಂಡವಪುರದ ಫ್ಯಾಕ್ಟರಿಗೆ ಟ್ರೈಲರಿನಲ್ಲಿ ಹೋಗತೊಡಗಿತು. ಮರದ ಚಕ್ರದ ಗಾಡಿಯನ್ನು ಸಂತೆಬಾಚಹಳ್ಳಿ ಕಡೆಯವರು ಬಂದು ದುಡ್ಡು ಕೊಟ್ಟು ಹೊಡೆದುಕೊಂಡು ಹೋದರು. ಹೊನ್ನಪ್ಪ ಬೇಡ ಅನ್ನಲಿಲ್ಲ. ಗಾಡಿ ಹೊರಡುವ ಮೊದಲು ಅದರ ಅಡಿಗೆ ಬಗ್ಗಿ ಕೀಲೆಣ್ಣೆಯ ಗೊಟ್ಟವನ್ನು ಮಾತ್ರ ಬಿಚ್ಚಿಕೊಂಡು ಬಂದು ಜಗಲಿಯ ಮೊಳೆಗೆ ತಗುಲಿಹಾಕಿದ.

ಕೀಲೆಣ್ಣೆ ಅಂದರೆ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಮಾಡಿದ ಕಪ್ಪು ಅಂಟು. ಗಾಡಿಯ ಅಚ್ಚಿಗೆ ಅದನ್ನು ಬಳಿಯದಿದ್ದರೆ ಚಕ್ರ ಊರಾಚೆಗೂ ಕೇಳುವಂತೆ ಕಿರುಗುಟ್ಟುತ್ತದೆ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೇ ನೇತುಹಾಕಿರುತ್ತಾರೆ. ಹೊನ್ನಪ್ಪನ ಗಾಡಿ ಒಂದು ದಿನವೂ ಕಿರುಗುಟ್ಟಿದ್ದಿಲ್ಲ, ಅದು ಅವನ ಹೆಮ್ಮೆ. ಬೇರೆಯವರ ಗಾಡಿ ಕಿರುಗುಟ್ಟಿಕೊಂಡು ಹೋದರೆ ಹಲ್ಲುನೋವು ಬಂದವನ ಹಾಗೆ ಮುಖ ಹಿಂಡುತ್ತಿದ್ದ. ಸೋಮವಾರ ಬಸವಣ್ಣನ ದಿನ, ಆ ಸೀಮೆಯಲ್ಲಿ ಎತ್ತಿಗೆ ನೊಗ ಇಡುವುದಿಲ್ಲ. ಎತ್ತು ಮಲಗಿ ಮೆಲುಕು ಹಾಕುತ್ತಿರುವಾಗ ಅವನು ಚಕ್ರ ಕಳಚಿ, ಹಳೆಯದನ್ನು ಒರೆಸಿ, ಹೊಸ ಕೀಲೆಣ್ಣೆ ಬಳಿಯುತ್ತಿದ್ದ. ಮೀಸೆ ಮೂಡುವ ಮೊದಲಿನಿಂದ ಬಂದ ರೂಢಿ. ಗಾಡಿ ಹೋದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಬರಿಗೈಲಿ ಅಂಗಳದಲ್ಲಿ ನಿಂತ. ಆಗ ಅವನ ಕಣ್ಣಿಗೆ ಬಿದ್ದದ್ದು ಗೋಡೆಗೆ ಒರಗಿದ್ದ ಸೊಸೆಯ ಸೈಕಲ್ಲು.

ಅಂದಿನಿಂದ ಸೋಮವಾರ ಬಂತೆಂದರೆ ಸೈಕಲ್ಲಿಗೆ ಕೀಲೆಣ್ಣೆ. ನಾರು ಸುತ್ತಿದ ಕಡ್ಡಿಯಲ್ಲಿ ಚೈನಿನ ಒಂದೊಂದು ಕೊಂಡಿಗೂ ತೀಡಿ ತೀಡಿ ತುಂಬುತ್ತಿದ್ದ. ಜೊತೆಗೆ ಬುದ್ಧಿಮಾತು ಬೇರೆ.

"ಸೋಮಾರ ಇದ್ನ ಕಟ್ಬ್ಯಾಡ ಕಣವ್ವ. ಇದೂ ದುಡಿಯೋ ಜೀವ. ಒಂದಿನ ಮನಿಕ್ಕಳ್ಳಿ."

ಚಲುವಮ್ಮ ನಗುತ್ತಿದ್ದಳು. ಸೈಕಲ್ಲಿಗೆಂಥ ಸೋಮವಾರ ಎಂದು ಒಮ್ಮೆಯೂ ಅನ್ನಲಿಲ್ಲ. ಅವಳ ಪಾಠ ಸೋಮವಾರ ಹೇಗೂ ಇರುತ್ತಿರಲಿಲ್ಲ. ಮಂಗಳವಾರ ಹಳೇ ಬಟ್ಟೆಯಲ್ಲಿ ಮೇಲುಮೇಲಿನದನ್ನು ಒರೆಸಿ ಹತ್ತುತ್ತಿದ್ದಳು. ಒಂದೆರಡು ಸಲ ಕಾಲಿಗೆ ಮಸಿಯಾಯಿತು, ಒಂದು ಲಂಗದ ಅಂಚು ಹಾಳಾಯಿತು. ಏರಿಯ ಮೇಲಿನ ಮರಳೆಲ್ಲ ಆ ಅಂಟಿಗೆ ಹತ್ತಿಕೊಂಡು ಪೆಡಲು ದಿನೇದಿನೇ ಭಾರವಾಗುತ್ತಿರುವುದೂ ಅವಳಿಗೆ ಗೊತ್ತಾಗುತ್ತಿತ್ತು. ಆಗಲೇ ಮೆಲ್ಲಗೆ ಒಂದು ಮಾತು ಹೇಳಬಹುದಿತ್ತು. ಮುದುಕನ ಮನಸ್ಸಿಗೆ ನೋವಾಗುತ್ತದೆ ಎಂದು ಹೇಳದೆ ನುಂಗಿಕೊಂಡಳು. ನುಂಗಿಕೊಂಡದ್ದೆಲ್ಲ ಒಂದು ದಿನ ಒಟ್ಟಿಗೇ ಹೊರಗೆ ಬಂತು.

ಕೆರೆಯಾಚೆ ಊರಿನ ಅಂಗನವಾಡಿಗೆ ಟೀಚರು ಬೇಕೆಂದು ಅರ್ಜಿ ಕರೆದಿದ್ದರು. ಚಲುವಮ್ಮ ಹಾಕಿದಳು. ಪಾಂಡವಪುರದಲ್ಲಿ ಇಂಟರ್‌ವ್ಯೂ, ಸೋಮವಾರ ಬೆಳಿಗ್ಗೆ. ಊರಿಗೆ ಬರುತ್ತಿದ್ದ ಒಂದೇ ಬಸ್ಸಿನಲ್ಲಿ ಹೋಗುವುದೆಂದು ಲೆಕ್ಕ. ಮದುವೆಯಲ್ಲಿ ತಾಯಿ ಕೊಟ್ಟಿದ್ದ ಕೆನೆಬಣ್ಣದ ಸೀರೆ ಉಟ್ಟು, ತಲೆ ಬಾಚಿ, ಸರ್ಟಿಫಿಕೇಟುಗಳ ಚೀಲ ಹಿಡಿದು ಬಸ್ಸಿನ ಕಟ್ಟೆಯ ಹತ್ತಿರ ನಿಂತಳು. ಬಸ್ಸು ಬರಲಿಲ್ಲ. ಬಿಸಿಲು ಏರಿತು, ಆದರೂ ಬರಲಿಲ್ಲ. ಕೈಕಾಲು ಆಡದೆ ಮನೆಗೆ ಓಡಿ ಬಂದವಳು ಹಿಂದೆಮುಂದೆ ನೋಡದೆ ಸೈಕಲ್ಲು ಎಳೆದುಕೊಂಡು ಹೊರಟಳು. ಮನೆಯಲ್ಲಿ ಆ ಹೊತ್ತು ಯಾರೂ ಇರಲಿಲ್ಲ. ಚೈನಿನ ಕಡೆ ನೋಡುವ ವ್ಯವಧಾನ ಅವಳಿಗಿರಲಿಲ್ಲ.

ಚೈನಿಗೆ ಆಗಷ್ಟೇ ಹಸಿ ಕೀಲೆಣ್ಣೆ ಬಿದ್ದಿತ್ತು, ಎಂದಿಗಿಂತ ಧಾರಾಳವಾಗಿ. ಪಾಂಡವಪುರ ಮುಟ್ಟಿ ಕೆಳಗಿಳಿದು ನೋಡಿಕೊಂಡರೆ ನಿರಿಗೆಯ ಉದ್ದಕ್ಕೂ ಕಪ್ಪು. ಒರೆಸಿದಷ್ಟೂ ಹರಡಿತು. ಒಳಗೆ ಕೂತಿದ್ದಷ್ಟು ಹೊತ್ತೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಿರಿಗೆ ಒಳಮಡಿಸಿ ಕಾಲು ಒತ್ತಿ ಹಿಡಿದಿದ್ದಳು. ಏನು ಕೇಳಿದರು, ತಾನೇನು ಹೇಳಿದೆ ಎಂಬುದು ಹೊರಗೆ ಬಂದ ಮೇಲೆ ನೆನಪಿರಲಿಲ್ಲ. ಹಿಂದಕ್ಕೆ ಬರುವಾಗ ಮಣ್ಣು ಮೆತ್ತಿದ ಚೈನು ದಿಬ್ಬ ಹತ್ತಲೊಲ್ಲದು. ಇಳಿದು ತಳ್ಳಿಕೊಂಡು ಬಂದಳು. ಕೆಲಸ ಹೋಯಿತು, ತಾಯಿಯ ಸೀರೆ ಹೋಯಿತು ಎಂದು ಹೆಜ್ಜೆಹೆಜ್ಜೆಗೂ ಹೊಟ್ಟೆ ಉರಿಯುತ್ತಿತ್ತು.

ಜಗಲಿಯ ಮೇಲೆ ಹೊನ್ನಪ್ಪ ಕೂತಿದ್ದ, ಜೊತೆಗೆ ಪಕ್ಕದ ಮನೆಯ ಮಂಚಯ್ಯ, ಇನ್ನೊಂದಿಬ್ಬರು. ಅವಳನ್ನು ಕಂಡವನೇ ಎದ್ದು ನಿಂತು, ಮುಖ ಅರಳಿಸಿಕೊಂಡು ಕೇಳಿದ, "ಏನವ್ವ, ಅಗೂರವಾಗಿ ಓಡ್ತಾ?"

ಆ ಪ್ರಶ್ನೆ ಉರಿಗೆ ತುಪ್ಪ ಸುರಿದಂತಾಯಿತು.

"ಓಡ್ತು, ನೋಡಿ" ಎಂದು ಚಲುವಮ್ಮ ನಿರಿಗೆ ಹಿಡಿದು ತೋರಿಸಿದಳು. "ಇದೇನು ನಿಮ್ ಎತ್ತಿನ್ ಗಾಡಿಯಾ ಮಾವ? ಗಾಡೀನೂ ಓಯ್ತು, ಎತ್ತೂ ಓದೋ. ನೀವ್ ಮಾತ್ರ ಆ ಗೊಟ್ಟ ಇಡ್ಕಂಡು ಕಂಡಿದ್ದಕ್ಕೆಲ್ಲ ಬಳೀತಾ ಕುಂತಿದೀರಿ. ಮಾಡಕ್ಕೆ ಕೇಮೆ ಇಲ್ದಿದ್ರೆ ಸುಮ್ಕೆ ಒಂದ್ ಮೂಲೇಲಿ ಕುಂತ್ಕಳಿ. ನನ್ ಸೈಕಲ್ ಮುಟ್ಬ್ಯಾಡಿ."

ಮಂಚಯ್ಯನ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಹೊನ್ನಪ್ಪ ಸೀರೆಯ ಕಲೆ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಬೆಳಗಿನ ಕಪ್ಪು ಇನ್ನೂ ಇತ್ತು.

"ಮುಟ್ಟಕಿಲ್ಲ ಕಣವ್ವ" ಎಂದ.

ಅಷ್ಟೇ ಮಾತು. ಸಿಟ್ಟು ಮಾಡಿದ್ದರೆ, ಎದುರು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹಾಗೇ ಇಳಿದು ಕಣದ ಕಡೆ ಹೋದ.

ಮಾರನೆಯ ದಿನ ಅವಳು ಸೈಕಲ್ಲನ್ನು ಚಂದ್ರಶೇಖರನ ಅಂಗಡಿಗೆ ತಳ್ಳಿಕೊಂಡು ಹೋದಳು. ಊರ ಬಾಗಿಲಲ್ಲೇ ಅಂಗಡಿ. ಅವನ ತಂದೆ ಕುಲುಮೆ ಆಚಾರಿ, ಹೊನ್ನಪ್ಪನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟಿಕೊಡುತ್ತಿದ್ದವನು. ಚಕ್ರ ಕಟ್ಟಿಸುವವರು ಇಲ್ಲವಾದ ಮೇಲೆ ಮಗ ಸೈಕಲ್ ಶಾಪು ಇಟ್ಟಿದ್ದ. ಅವನು ಚೈನಿನ ಲಾಕು ಬಿಚ್ಚಿ, ಸುರುಳಿ ಸುತ್ತಿ ಸೀಮೆಎಣ್ಣೆಯ ತಗಡಿನ ಬಾಣಲಿಗೆ ಇಳಿಬಿಟ್ಟ. ಸೀಮೆಎಣ್ಣೆ ನೋಡನೋಡುತ್ತಾ ಕಪ್ಪಾಯಿತು. ಹಲ್ಲುಜ್ಜಿ ಸವೆದ ಬ್ರಷ್ಷು ತೆಗೆದುಕೊಂಡು ಕೊಂಡಿಕೊಂಡಿಯ ಸಂದಿ ಉಜ್ಜಿದ. ತಳದಲ್ಲಿ ಮರಳು ಕೂತಿತು. ಆ ಸೀಮೆಎಣ್ಣೆ ಚೆಲ್ಲಿ ಇನ್ನೊಮ್ಮೆ ಅದ್ದಿ, ಚೈನನ್ನು ಮೊಳೆಗೆ ತೂಗುಹಾಕಿ ಇಳಿಯಲು ಬಿಟ್ಟ.

"ಕೀಲೆಣ್ಣೆ ಅಲ್ವೇನಕ್ಕ ಇದು?" ಎಂದ. "ಗಾಡಿ ಅಚ್ಚಿಗೆ ಇದಕ್ಕಿಂತ ಬ್ಯಾರೆ ಇಲ್ಲ. ಚೈನ್‌ಗೆ ಮಾತ್ರ ಆಗಕಿಲ್ಲ, ಮಣ್ ಇಡ್ಕತದೆ. ಆದ್ರೂ ನೋಡು, ಒಂದ್ ಕೊಂಡೀನೂ ಬುಟ್ಟಿಲ್ಲ. ನಾನೂ ಇಷ್ಟ್ ನಿಗಾ ಮಾಡಿ ಬುಡಕಿಲ್ಲ. ನಿಮ್ಮಾವ ತಾನೆ? ಇಂಗಲ್ಲ ಅಂತ ಮೆತ್ತಗೆ ಒಂದ್ ಮಾತ್ ಅಂದಿದ್ರೆ ಆಯ್ತಿತ್ತು."

 ಒಣಗಿದ ಚೈನನ್ನು ಏರಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಒಂದೊಂದು ಉರುಳೆಗೂ ಒಂದೊಂದು ತೊಟ್ಟು ಮಷೀನ್ ಎಣ್ಣೆ ಬಿಟ್ಟು, ಹೊರಗೆ ನಿಂತದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆದ. ಎಣ್ಣೆ ಒಳಗಿರಬೇಕು, ಹೊರಗೆ ಒಣಗಿರಬೇಕು ಎಂದು ತೋರಿಸಿಕೊಟ್ಟ. ಸೈಕಲ್ಲು ಹೂವಿನಂತೆ ಓಡಿತು. ಮನೆಯವರೆಗೂ ಅವಳಿಗೆ ಅದರಿಂದ ಏನೂ ಸುಖವಾಗಲಿಲ್ಲ.

ಕೆಲಸ ಸಿಕ್ಕಿತು. ಹೌದು, ಸಿಕ್ಕಿತು. ಆರ್ಡರು ಮನೆಗೇ ಬಂತು. ಸೀರೆಯ ಕಲೆಯನ್ನು ಅಲ್ಲಿ ಯಾರೂ ನೋಡಿಯೇ ಇರಲಿಲ್ಲ. ಮನೆಯಲ್ಲಿ ಕಜ್ಜಾಯ ಸುಟ್ಟರು. ಹೊನ್ನಪ್ಪ, "ವಳ್ಳೇದಾಯ್ತು ಕಣವ್ವ, ಚೆಂದಾಗಿ ಮಾಡು" ಎಂದು ತಲೆಯ ಮೇಲೆ ಕೈ ಎತ್ತಿ ಹರಸಿದ. ಒಲೆಯ ಮುಂದೆ ಕೂತಾಗ ಅತ್ತೆ ಪುಟ್ಟತಾಯಮ್ಮ ಕಜ್ಜಾಯ ತಟ್ಟುತ್ತಾ, ಆಕ್ಷೇಪಣೆಯ ದನಿಯಲ್ಲಿ ಅಲ್ಲ, ಸುಮ್ಮನೆ ಮಾತಿಗೆ ಎನ್ನುವಂತೆ ಹೇಳಿದಳು:

"ಅವತ್ತು ಸೋಮಾರ ಕಣಮ್ಮಿ. ನಿಮ್ಮಾವ ಸೋಮಾರ ಚಕ್ರ ಉಳ್ಳುಸ್ದೋರಲ್ಲ. ಬಸ್ಸು ಕೆಟ್ ನಿಂತದೆ ಅಂತ ಮುಂಚಿನ್ ದಿನ ಸಂಜೇಲಿ ಯಾರೋ ಅಂದ್ರಂತೆ. ದಿಟವೋ ಸುಳ್ಳೋ ಗೊತ್ತಿಲ್ಲ, ನಿಂಗ್ ಯೋಳುದ್ರೆ ಗಾಬ್ರಿ ಬೀಳ್ತೀಯ ಅಂತ ಯೋಳ್ನಿಲ್ಲ. ಒತ್ತಾರೆಗೆದ್ದು ಬಸವಣ್ಣನ ಗುಡಿಗೋಗಿ, ಇವತ್ತೊಂದಿನ ನನ್ ಸೊಸೆ ಬಂಡಿ ಕಟ್ತಾಳೆ, ತಪ್ ತಿಳ್ಕಬ್ಯಾಡ ಅಂತ ಕಾಯಿ ಒಡುಸ್ಬುಟ್ಟು, ಬಂದು ಎಣ್ಣೆ ಬುಟ್ರು. ಅಗೂರವಾಗಿ ಓಡ್ಲಿ ಅಂತ."

 ಸೋಮವಾರದ ಹಾಳು ಅಭ್ಯಾಸಕ್ಕೆ ಬಳಿದಿದ್ದಾನೆ ಎಂದು ಚಲುವಮ್ಮ ತಿಳಿದಿದ್ದಳು. ಅವನು ಸೋಮವಾರ ಚಕ್ರ ಉರುಳಿಸಬಾರದೆಂಬ ತನ್ನ ನೇಮವನ್ನೇ ಅವಳಿಗಾಗಿ ಮುರಿದಿದ್ದ. ಮೂಲೇಲಿ ಕುಂತ್ಕಳಿ ಅಂದ ಮಾತು ಈಗ ಅವಳ ಕಿವಿಯಲ್ಲೇ ಕೂತುಬಿಟ್ಟಿತು. ಹೋಗಿ ಕಾಲು ಹಿಡಿಯಬೇಕು ಎನ್ನಿಸಿತು. ಜಗಲಿಯಲ್ಲಿ ನಾಲ್ಕು ಜನ ಇದ್ದರು, ಆಮೇಲೆ ಹೋದರಾಯಿತು ಎಂದುಕೊಂಡಳು. ಬೈಯುವಾಗ ಆ ನಾಲ್ಕು ಜನ ಅವಳಿಗೆ ಅಡ್ಡ ಬಂದಿರಲಿಲ್ಲ. ಆಮೇಲೆ ಎಂಬುದು ನಾಳೆಯಾಯಿತು, ನಾಳೆ ಮುಂದಿನ ವಾರವಾಯಿತು, ವಾರಗಳು ಕಳೆದಂತೆ ಆ ಮಾತು ಎತ್ತುವುದು ಇನ್ನಷ್ಟು ಕಷ್ಟವಾಯಿತು.

ಹೊನ್ನಪ್ಪ ಆಡಿದ ಮಾತಿಗೆ ತಪ್ಪಲಿಲ್ಲ. ಸೈಕಲ್ಲು ಅಂಗಳದಲ್ಲಿ ಅಡ್ಡ ನಿಂತಿದ್ದರೆ, ಉಂಡ ಎಲೆ ದಾಟದೆ ಸುತ್ತಿಹೋಗುವವರ ಹಾಗೆ ಸುತ್ತಿ ಹೋಗುತ್ತಿದ್ದ. ಗೊಟ್ಟ ಮೊಳೆಯಲ್ಲೇ ಇತ್ತು. ಒಳಗಿದ್ದದ್ದು ಗಟ್ಟಿಯಾಗಿ, ಬಾಯಿಗೆ ಜೇಡ ಬಲೆ ಕಟ್ಟಿತು. ಸೋಮವಾರಗಳಂದು ಮನೆಯಲ್ಲಿ ನಿಲ್ಲದೆ ಬೆಳಿಗ್ಗೆಯೇ ಏರಿಯ ಕಡೆ ನಡೆದುಬಿಡುತ್ತಿದ್ದ. ಮಾತೂ ಕಡಿಮೆಯಾಯಿತು. ಕೇಳಿದರೆ ಊಂ ಅನ್ನುತ್ತಿದ್ದ, ಕೇಳದಿದ್ದರೆ ಅದೂ ಇಲ್ಲ.

ಚಲುವಮ್ಮ ಪಾಂಡವಪುರದಿಂದ ಮಷೀನ್ ಎಣ್ಣೆಯ ಸೀಸೆ ತಂದು ಒಂದು ಸೋಮವಾರ ಸಂಜೆ ಜಗಲಿಯ ಮೇಲೆ ಅವನ ಪಕ್ಕದಲ್ಲಿಟ್ಟು, ಏನೂ ಹೇಳದೆ ಒಳಗೆ ಹೋದಳು. ಬಾಗಿಲ ಸಂದಿಯಿಂದ ನೋಡಿದಳು. ಅವನು ಸೀಸೆಯನ್ನು ಎತ್ತಿ, ತಿರುಗಿಸಿ ನೋಡಿ, ಮರೆತು ಬಿಟ್ಟುಹೋಗಿದ್ದಾಳೆ ಎಂದುಕೊಂಡನೋ ಏನೋ, ಒಳಗೆ ತಂದು ಜೋಪಾನವಾಗಿ ಗೂಡಿನಲ್ಲಿಟ್ಟು ಹೋದ.

ಆಗ ಹೊಳೆದದ್ದು ಆ ಹುಚ್ಚು ಉಪಾಯ. ಕಿರುಗುಟ್ಟುವ ಚಕ್ರ ಕಂಡರೆ ತಡೆದುಕೊಳ್ಳುವ ಜೀವವಲ್ಲ ಅದು. ಸೈಕಲ್ಲು ಕಿರುಗುಟ್ಟಲಿ, ಎಷ್ಟು ದಿನ ಸುಮ್ಮನಿರುತ್ತಾನೆ ನೋಡೋಣ. ಒಂದಲ್ಲ ಒಂದು ದಿನ ಎದ್ದು ಬಂದು, "ಏನವ್ವ ಇದು" ಎಂದು ಬೈಯುತ್ತಾನೆ. ಬೈದರೆ ಸಾಕು, ಆಗ ತಪ್ಪಾಯಿತು ಅನ್ನುವುದು ಸುಲಭ. ಹಾಗೆಂದುಕೊಂಡು ಚಲುವಮ್ಮ ಆ ಸೀಸೆಯ ಮುಚ್ಚಳವನ್ನೇ ತೆಗೆಯಲಿಲ್ಲ, ಚೈನಿಗೆ ಎಣ್ಣೆ ಬಿಡಲಿಲ್ಲ.

ಶ್ರಾವಣದ ಮಳೆಯಲ್ಲಿ ಚೈನು ನೆನೆಯಿತು, ಒರೆಸಲಿಲ್ಲ. ತುಕ್ಕು ಬಂತು. ದಸರೆಯ ಹೊತ್ತಿಗೆ ಕೂಗು ಶುರುವಾಯಿತು. ಪ್ರತಿದಿನ ಬೆಳಿಗ್ಗೆ ಜಗಲಿಯ ಮುಂದೆಯೇ ಹತ್ತಿ, ಬೇಕೆಂದೇ ಅಂಗಳದಲ್ಲಿ ಒಂದು ಸುತ್ತು ಹೆಚ್ಚಿಗೆ ಹೊಡೆದು ಹೋಗುತ್ತಿದ್ದಳು. ಹೊನ್ನಪ್ಪ ಬೀದಿ ನೋಡುತ್ತಾ ಕೂತಿರುತ್ತಿದ್ದ. ಅವಳಿಗೆ ಒಮ್ಮೆ ದುಃಖವಾಗುತ್ತಿತ್ತು, ಒಮ್ಮೆ ಸಿಟ್ಟು ಬರುತ್ತಿತ್ತು. ಇಷ್ಟು ಕಲ್ಲುಮನಸ್ಸೇ ಇವನದು, ನನ್ನ ಒಂದು ಮಾತಿಗೆ ಇಷ್ಟು ಶಿಕ್ಷೆಯೇ ಎಂದುಕೊಳ್ಳುತ್ತಿದ್ದಳು. ದಾರಿಯಲ್ಲಿ ಚಂದ್ರಶೇಖರ ತಡೆದು ನಿಲ್ಲಿಸಿ ಹೇಳಿದ, "ಅಕ್ಕ, ಕೈ ಮುಗೀತೀನಿ, ಒಂದ್ ತೊಟ್ ಎಣ್ಣೆ ಬುಡಕ್ಕ. ಇನ್ನೊಂದ್ ವಸಿ ದಿನ ಓದ್ರೆ ನೀನ್ ಬುಟ್ರೂ ಅದು ಕುಡಿಯಕಿಲ್ಲ."

"ಬುಡೋರು ಬುಡ್ತಾರೆ ಚಂದ್ರಣ್ಣ" ಎಂದು ಹೊರಟಳು.

ಸಂಕ್ರಾಂತಿ ಬಂತು. ಮನೆಯಲ್ಲಿ ಎತ್ತಿಲ್ಲದ ಮೊದಲ ಸಂಕ್ರಾಂತಿಯೇನಲ್ಲ, ಆದರೂ ಹೊನ್ನಪ್ಪ ಸಂಜೆ ಊರ ಮುಂದೆ ಕಿಚ್ಚು ಹಾಯಿಸುವುದನ್ನು ನೋಡಲು ಹೋದ. ಉರಿಯುವ ಹುಲ್ಲಿನ ಮೇಲೆ ಹಾರಿ ಬಂದ ಒಂದು ಜೋಡಿ ಎತ್ತು ಅವನ ಕಡೆಗೇ ನುಗ್ಗಿತು. ಜನರೆಲ್ಲ ಕೂಗಿದರು. ಅವನು ಕದಲಲಿಲ್ಲ. ಶಿವಣ್ಣ ಓಡಿಹೋಗಿ ತೋಳು ಹಿಡಿದು ಎಳೆದುಕೊಂಡ. ತನ್ನ ಎತ್ತು ನೆನೆಸಿಕೊಂಡು ಮೈಮರೆತ, ಪಾಪ, ಎಂದು ಎಲ್ಲರೂ ಅಂದರು. ಚಲುವಮ್ಮನೂ ಹಾಗೇ ಅಂದುಕೊಂಡಳು. 

ಅದಾದ ಮೇಲೆ ಒಂದು ಸೋಮವಾರ. ಬೆಳಗಿನ ಮಂಜು ಕೆರೆಯ ಮೇಲಿಂದ ಇನ್ನೂ ಎದ್ದಿರಲಿಲ್ಲ. ಚಲುವಮ್ಮ ಅಂಗನವಾಡಿಗೆ ಹೊರಟಿದ್ದಳು. ಏರಿಯ ಮೇಲೆ ಮುಂದೆ ಯಾರೋ ನಡೆದುಹೋಗುತ್ತಿದ್ದರು, ದಾರಿಯ ನಟ್ಟನಡುವೆ. ಹತ್ತಿರವಾದಂತೆ ಹೆಗಲ ಮೇಲಿನ ಟವಲಿನಿಂದ ಗುರುತು ಸಿಕ್ಕಿತು. ಚೈನು ಅರಚುತ್ತಿತ್ತು. ನೀರಂಚಿನ ಕೊಕ್ಕರೆಗಳು ಬೆದರಿ ಎದ್ದವು. ಬಟ್ಟೆ ಒಗೆಯುತ್ತಿದ್ದ ಕುಳ್ಳಮ್ಮ ತಲೆ ಎತ್ತಿ ನೋಡಿದಳು. ಹೊನ್ನಪ್ಪ ಮಾತ್ರ ತಿರುಗಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ದಾರಿಯಲ್ಲೂ ಈ ಹಟವೇ ಎಂದು ಅವಳಿಗೆ ರೇಗಿಹೋಯಿತು. ಬೆಲ್ಲು ಹೊಡೆದಳು. ಮತ್ತೆ ಹೊಡೆದಳು. ಆಮೇಲೆ ಬ್ರೇಕು ಒತ್ತಿ ಕಾಲು ಊರುವಷ್ಟರಲ್ಲಿ ಮುಂದಿನ ಚಕ್ರ ಅವನ ಪಂಚೆಗೆ ತಗುಲಿತು.

ಅವನು ಬೆಚ್ಚಿಬಿದ್ದ. ಎದೆ ಹಿಡಿದುಕೊಂಡು ತಿರುಗಿದವನು, ಅವಳನ್ನು ಕಂಡು ನಿಟ್ಟುಸಿರು ಬಿಟ್ಟು ನಕ್ಕ.

"ನೀನಾ? ಯಾವಾಗ್ ಬಂದ್ಯವ್ವ? ಒಂಚೂರೂ ಸದ್ದೇ ಇಲ್ದಂಗೆ ಬಂದ್ಬುಟ್ಟೆಯಲ್ಲ."

 ಸಂಕ್ರಾಂತಿಯ ಎತ್ತು ಚಲುವಮ್ಮನ ಕಣ್ಣ ಮುಂದೆ ಬಂತು. ಬೆಳಿಗ್ಗೆ ಡೇರಿಯ ವ್ಯಾನು ಹಾರನ್ನು ಹೊಡೆದರೂ ಜಗಲಿಯಿಂದ ತಿರುಗಿ ನೋಡದೆ ಕೂತಿರುತ್ತಿದ್ದದ್ದು, ಯಾರು ಏನು ಕೇಳಿದರೂ ಊಂ ಎಂದು ಮುಗಿಸುತ್ತಿದ್ದದ್ದು, ಎಲ್ಲವೂ ಬಂತು. ಮನೆಯವರೆಲ್ಲ ಅವನು ಮುನಿಸಿಕೊಂಡಿದ್ದಾನೆ ಎಂದು ತಿಳಿದಿದ್ದರು. ಅವನ ಕಿವಿ ಹೋಗಿತ್ತು. ಯಾವಾಗ ಹೋಯಿತೋ, ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮೂಲೆಯಲ್ಲಿ ಕೂತವನನ್ನು ಯಾರು ವಿಚಾರಿಸುತ್ತಾರೆ? ಇಷ್ಟು ದಿನ ಅವಳು ಕೂಗಿಸಿಕೊಂಡು ತಿರುಗಿದ ಚೈನು ಇಡೀ ಊರಿಗೆ ಕೇಳಿತ್ತು, ಅವನೊಬ್ಬನಿಗೆ ಬಿಟ್ಟು.

"ತಪ್ಪಾಯ್ತು ಮಾವ" ಎಂದಳು.

ಅವನು ಅವಳ ತುಟಿಯನ್ನೇ ನೋಡಿದ.

"ಅವತ್ತು ನಾನಂಗೆ ಅನ್ಬಾರ್ದಾಗಿತ್ತು. ನಂದು ತಪ್ಪಾಯ್ತು."

"ಊಂ ಕಣವ್ವ, ಊಂ" ಎಂದು ತಲೆ ಆಡಿಸಿದ, ಎಲ್ಲರಿಗೂ ಆಡಿಸುವ ಹಾಗೆಯೇ. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಹೊರಗೇನೋ ಬಂತು, ಹೋಗಿ ಸೇರುವ ಜಾಗ ಇರಲಿಲ್ಲ. ಕಿರುಚಿ ಹೇಳಿದರೆ ಒಂದು ವೇಳೆ ಕೇಳಿಸುತ್ತಿತ್ತೇನೋ. ಆದರೆ ಅವನ ಮೇಲೆ ಅವಳು ಕಿರುಚಿದ್ದು ಆಗಲೇ ಒಂದು ಸಲ ಆಗಿತ್ತು.

ಅವಳು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದಳು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಎಂದೂ ಮುಟ್ಟಿರದ ಮಾವನ ಕೈಯನ್ನು ಹಿಡಿದುಕೊಂಡು, ಬಗ್ಗಿಸಿ, ಚೈನಿನ ಮೇಲೆ ಇಟ್ಟಳು. ಅವನು ಮೊದಲು ಕೈ ಎಳೆದುಕೊಳ್ಳಲು ನೋಡಿದ, ಮುಟ್ಟುವುದಿಲ್ಲ ಎಂದು ಹೇಳಿದ್ದವನಲ್ಲವೇ. ಅವಳು ಬಿಡಲಿಲ್ಲ. ಬೆರಳಿಗೆ ತುಕ್ಕು ಸಿಕ್ಕಿತು. ಅವನ ಮುಖ ಬದಲಾಯಿತು. ಕುಕ್ಕರಗಾಲಲ್ಲಿ ಕೂತು, ಮುಂಚೆ ಕೀಲೆಣ್ಣೆ ತುಂಬುತ್ತಿದ್ದ ಹಾಗೆಯೇ ಒಂದೊಂದೇ ಕೊಂಡಿಯನ್ನು ಬೆರಳಲ್ಲಿ ಮುಟ್ಟುತ್ತಾ ಹೋದ. ಒಂದು ಕೊಂಡಿ ಬಾಗಲಿಲ್ಲ, ಅದರ ಮುಂದಿನದೂ ಬಾಗಲಿಲ್ಲ.

"ಎಣ್ಣೆ ಕಂಡು ಎಷ್ಟ್ ಕಾಲ ಆಯ್ತವ್ವ ಇದು?" ಎಂದು ಕೇಳಿದ. "ಕುಯ್ಯೋ ಮೊರ್ರೋ ಅಂತಾ ಇದ್ದಿರ್ಬೇಕಲ್ಲ. ಎಂಗ್ ತಡ್ಕಂಡೆ? ನೀನ್ ಮುಟ್ಬ್ಯಾಡ ಅಂದಿದ್ದೆ, ಮುಟ್ನಿಲ್ಲ. ಎಣ್ಣೆ ಬುಡು ಮಾವ ಅಂತ ಒಂದ್ ಮಾತ್ ಅಂದಿದ್ರೆ ಎದ್ ಬತ್ತಿರ್ನಿಲ್ವಾ ನಾನು?"

ಚಲುವಮ್ಮ ಅಲ್ಲೇ ಅವನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತುಬಿಟ್ಟಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. ಅವಳು ಅಳುವುದನ್ನು ನೋಡಿ ಅವನಿಗೆ ಗಾಬರಿಯಾಯಿತು. ಚೈನು ಹಾಳಾದದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡ.

"ಓಗ್ಲಿ ಬುಡು ಮಗ. ಇದಿನ್ನ ಆಗಕಿಲ್ಲ. ಈಗ ಬುಟ್ರೂ ಕುಡಿಯಕಿಲ್ಲ ಇದು. ಚಂದ್ರಾಚಾರಿ ತಾವ ಓಗಿ ಒಸದು ಆಕಿಸ್ಕಳವ. ಏಳು, ಒತ್ತಾಯ್ತದೆ ನಿಂಗೆ."

ತುಕ್ಕಿನ ಬೆರಳನ್ನು ಪಂಚೆಗೆ ಒರೆಸಿಕೊಂಡು ಎದ್ದ. ಆ ಕಡೆ ತಿರುಗಿ ಕೆರೆ ನೋಡುತ್ತಾ ನಿಂತ, ಅವಳು ಸೀರೆ ಸರಿಮಾಡಿಕೊಂಡು ಏಳಲಿ ಎಂದು. ಅವಳು ಎದ್ದದ್ದು ಅವನಿಗೆ ಕೇಳಿಸಲಿಲ್ಲ. ತಾನೇ ಮೆಲ್ಲಗೆ ತಿರುಗಿ ನೋಡಿ, ಎದ್ದಿದ್ದಾಳೆಂದು ಕಂಡ ಮೇಲೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ದಾರಿ ಬುಡ್ರಪ್ಪೋ" ಎಂದು ಕೂಗಿದ, ಅವಳನ್ನು ನಗಿಸಲು. ತನ್ನ ದನಿ ತನಗೇ ಕೇಳದವನ ಕೂಗು, ಎಷ್ಟು ಬೇಕೋ ಅದಕ್ಕಿಂತ ಜೋರಾಗಿತ್ತು.

ಚಲುವಮ್ಮ ಸೈಕಲ್ಲು ಹತ್ತಲಿಲ್ಲ. ತಳ್ಳಿಕೊಂಡು ಹೋದರೆ ಚೈನು ತಿರುಗುವುದಿಲ್ಲ, ಸುಮ್ಮನಿರುತ್ತದೆ. ಹತ್ತಿದರೆ ಕೂಗುತ್ತದೆ. ಕೂಗಿದರೂ ಅವನಿಗೆ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಏರಿ ಮುಗಿಯುವವರೆಗೂ ಅವನ ಹಿಂದೆ ತಳ್ಳಿಕೊಂಡೇ ನಡೆದಳು.